ಬೆಸುಗೆ ಯಾರ ಕೈಯ ಕೆಲಸ?

ಸೊರಬದ ಅಂಗಡಿಯೊಂದರಲ್ಲಿ ೨೫ ವ್ಯಾಟಿನ ಸೋಲ್ಡರಿಂಗ್ ಐರನ್ ಕೇಳಿದೆ. ಅಂಗಡಿಯಾತ ಡಬ್ಬ ಇಳಿಸುತ್ತಲೇ, “ಮಗನ ಪ್ರಾಜೆಕ್ಟಿಗಾ ಅಕ್ಕೋರೇ?” ಎಂದ. “ಅಲ್ಲ ಮಾರಾಯ, ನನಗೇ” ಎಂದೆ. ಡಬ್ಬ ಅವನ ಕೈಯಲ್ಲೇ ನಿಂತಿತು. “ತುಂಬಾ ಕಾಯ್ತದೆ ಮತ್ತೆ, ಜೋಪಾನ” ಎಂದ. ಮೂವತ್ತು ವರ್ಷದಿಂದ ದಿನಕ್ಕೆರಡು ಹೊತ್ತು ಒಲೆಯ ಮುಂದೆ ನಿಂತವಳಿಗೆ ಕಾದದ್ದು ಸುಡುತ್ತದೆ ಎಂದು ತಿಳಿಸಿ ಹೇಳುವ ಗಂಡಸರ ಕಾಳಜಿ ದೊಡ್ಡದು!

ನನಗೆ ಈ ಹುಚ್ಚು ಹಿಡಿಸಿದ್ದು ಮಳೆ. ನಮ್ಮ ಉಳವಿಯಲ್ಲಿ (ಚನ್ನಬಸವಣ್ಣನವರ ಉಳವಿ ಉತ್ತರ ಕನ್ನಡದ್ದು, ನಮ್ಮದು ಸೊರಬ ತಾಲ್ಲೂಕಿನದು, ಹೇಳಿ ಹೇಳಿ ಸಾಕಾಗಿದೆ) ಆಷಾಢದ ಮಳೆ ಹಿಡಿದರೆ ಕರೆಂಟು ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕವಿಲ್ಲ. ಅಂಥ ಒಂದು ವಾರದಲ್ಲೇ ಎಮರ್ಜೆನ್ಸಿ ದೀಪ ಕೈಕೊಟ್ಟಿತು. ರಿಪೇರಿಗೆ ಒಯ್ದರೆ, “ಬೋರ್ಡೇ ಹೋಗಿದೆ, ಹೊಸದು ತಗೊಳ್ಳಿ” ಎಂಬ ಉತ್ತರ. ಹಟಕ್ಕೆ ಬಿದ್ದು ಮನೆಯಲ್ಲಿ ತಿರುಪು ಬಿಚ್ಚಿ ನೋಡಿದೆ. ಬ್ಯಾಟರಿಯಿಂದ ಬೋರ್ಡಿಗೆ ಹೋಗುವ ಕೆಂಪು ತಂತಿ ಬೆಸುಗೆ ಬಿಟ್ಟು ಜೋತಾಡುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ಎಳ್ಳು ಕಾಳಿನಷ್ಟು ತವರ, ಅಷ್ಟೇ. ಅಷ್ಟು ಗೊತ್ತಿಲ್ಲದೆ ಇಷ್ಟು ವರ್ಷ ಎಷ್ಟು ದೀಪ, ಎಷ್ಟು ರೇಡಿಯೋ ಗುಜರಿಗೆ ಹಾಕಿದೆನೋ!

ನಾನು ಸಮಾಜ ಪಾಠ ಹೇಳುವವಳು, ವಿಜ್ಞಾನದವಳಲ್ಲ. ಆದರೂ ಈ ಕೆಲಸದಲ್ಲಿ ನನಗೆ ಪರಕೀಯವಾದದ್ದು ಹೆಚ್ಚೇನೂ ಕಾಣಲಿಲ್ಲ. ಚಿಕ್ಕಂದಿನಲ್ಲಿ ಕಲಾಯಿಯವನು ಅಂಗಳದಲ್ಲಿ ತಿದಿ ಹೂಡಿ, ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಹಾಕಿ, ತವರ ಸವರುವುದನ್ನು ಬಾಯಿ ಬಿಟ್ಟುಕೊಂಡು ನೋಡಿದವರು ನಾವು. ಇದೂ ಅದೇ ತವರ. ಅಲ್ಲಿ ನವಸಾಗರ, ಅಕ್ಕಸಾಲಿಗರಲ್ಲಿ ಬಿಳಿಗಾರ, ಇಲ್ಲಿ ರಾಳ. ಲೋಹದ ಮೈ ಶುದ್ಧವಾಗದೆ ಬೆಸುಗೆ ಹಿಡಿಯುವುದಿಲ್ಲ. ತವರ ಒಂದೇ ಇದ್ದರೆ ಕರಗುವುದು ೨೩೨ ಡಿಗ್ರಿಗೆ, ಸೀಸ ೩೨೭ಕ್ಕೆ. ೬೩ ಪಾಲು ತವರಕ್ಕೆ ೩೭ ಪಾಲು ಸೀಸ ಕೂಡಿಸಿದರೆ ೧೮೩ಕ್ಕೇ ನೀರಾಗುತ್ತದೆ. ವಡೆ ಕರಿಯುವ ಎಣ್ಣೆಯ ಕಾವೂ ಹೆಚ್ಚುಕಡಿಮೆ ಅಷ್ಟೇ. ಐರನ್ನಿನ ಮೊನೆ ಅದಕ್ಕಿಂತ ಬಹಳ ಬಿಸಿ, ಒಪ್ಪುತ್ತೇನೆ. ಆದರೆ ವಡೆಯ ಎಣ್ಣೆಯಂತೆ ಅದು ಮುಖಕ್ಕೆ ಸಿಡಿಯುವುದು ಅಪರೂಪ.

ಮೊದಮೊದಲು ನಾನು ಮೊನೆಯ ಮೇಲೆ ತವರ ಕರಗಿಸಿ, ಅದನ್ನು ಒಯ್ದು ತಂತಿಗೆ ಮೆತ್ತುತ್ತಿದ್ದೆ. ಉಂಡೆಯಾಗಿ ಕೂರುತ್ತಿತ್ತು, ಮುಟ್ಟಿದರೆ ಉದುರುತ್ತಿತ್ತು. ಆಮೇಲೆ ತಿಳಿಯಿತು, ಇದು ದೋಸೆಯ ನ್ಯಾಯ. ಕಾವಲಿ ಕಾಯದೆ ಹಿಟ್ಟು ಹೊಯ್ಯಬಾರದು. ಮೊನೆಯನ್ನು ತಂತಿಗೂ ಬೋರ್ಡಿನ ತಾಮ್ರಕ್ಕೂ ಒಟ್ಟಿಗೆ ತಾಗಿಸಿ ಹಿಡಿಯಬೇಕು. ಅವೆರಡೂ ಕಾದ ಮೇಲೆ ತವರವನ್ನು ಐರನ್ನಿಗಲ್ಲ, ಅವಕ್ಕೆ ಮುಟ್ಟಿಸಬೇಕು. ತಾನೇ ಹರಿದು ತಬ್ಬಿಕೊಳ್ಳುತ್ತದೆ. ಎರಡು ಮೂರು ಸೆಕೆಂಡಿನ ಕೆಲಸ. ಆರುವ ತನಕ ಅಲುಗಿಸಬಾರದು. ಹೊಳೆದರೆ ಸರಿ, ಮಂಕಾಗಿ ತರಿತರಿಯಾದರೆ ಅದು ರಿಪೇರಿಯವರು ಹೇಳುವ ‘ಡ್ರೈ ಸೋಲ್ಡರ್’. ಬಿಡಿಸುವುದೇ ಹೆಚ್ಚು ಕಷ್ಟ. ಹಳೆಯ ಬೆಸುಗೆಗೆ ಮೊದಲು ಒಂದು ಚೂರು ಹೊಸ ತವರ ಉಣಿಸಿ ಕರಗಿಸಿ, ಆಮೇಲೆ ಪಂಪಿನಿಂದ ಹೀರಬೇಕು. ತಾಳ್ಮೆಗೆಟ್ಟು ಎಳೆದರೆ ಬೋರ್ಡಿನ ತಾಮ್ರದ ಗೆರೆಯೇ ಸಿಪ್ಪೆಯಂತೆ ಎದ್ದು ಬರುತ್ತದೆ. ನಾನು ಒಂದು ರೇಡಿಯೋವನ್ನು ಹಾಗೆಯೇ ಕೊಂದಿದ್ದೇನೆ.

ಇನ್ನು ಬುದ್ಧಿವಾದಗಳು. ಶಾಕ್ ಹೊಡೆದರೆ? ಬ್ಯಾಟರಿಯ ಸಾಮಾನುಗಳಿಂದ ಶುರು ಮಾಡಿದೆ. ಪ್ಲಗ್ ಕಿತ್ತ ಮೇಲೂ ಕೆಲವು ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆಂದು ಕಲಿತ ಮೇಲೇ ಉಳಿದದ್ದಕ್ಕೆ ಕೈಹಾಕಿದ್ದು. ಸೀಸ ವಿಷವಲ್ಲವೇ? ಹೌದು, ವಿಷವೇ. ಯುರೋಪಿನವರು ೨೦೦೬ರಿಂದ ಬಹುತೇಕ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಅದನ್ನು ನಿಷೇಧಿಸಿದ್ದಾರೆ. ಕಿಟಕಿ ತೆರೆದಿಟ್ಟು ಕೂರುತ್ತೇನೆ, ಯಾಕೆಂದರೆ ರಾಳದ ಹೊಗೆಯೂ ಒಳ್ಳೆಯದಲ್ಲ. ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆಯುತ್ತೇನೆ. ಸೌದೆ ಒಲೆಯ ಹೊಗೆ ಕುಡಿದು ಕೆಮ್ಮಿ ಕೆಮ್ಮಿ ಸತ್ತ ನಮ್ಮಜ್ಜಿಯರ ಬಗ್ಗೆ ಈ ಆರೋಗ್ಯಚಿಂತಕರು ಆಗ ಎಲ್ಲಿದ್ದರೋ.

ಎಲ್ಲಕ್ಕಿಂತ ಮೈಯುರಿಸುವ ಮಾತು, “ಹೆಂಗಸರ ಕೈಗೆ ಒಗ್ಗುವ ಕೆಲಸವಲ್ಲ” ಎಂಬುದು. ನಮ್ಮ ಸೀಮೆಯ ದೀವರ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುವುದನ್ನು ನೋಡಿದವರು ಯಾರೂ ಈ ಮಾತು ಆಡಲಾರರು. ಅದಿರಲಿ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಲ್ಲಿ ಜೋಡಣೆಯ ಸಾಲುಗಳಲ್ಲಿ ಕೂತವರಲ್ಲಿ ಹೆಣ್ಣುಮಕ್ಕಳು ಇರಲಿಲ್ಲವೇ? ೧೯೬೯ರಲ್ಲಿ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಅಪೊಲೊ ಕಂಪ್ಯೂಟರಿನ ನೆನಪಿನಕೋಶವನ್ನು ಅಮೆರಿಕದ ಮೆಸಾಚುಸೆಟ್ಸಿನ ಕಾರ್ಖಾನೆಯೊಂದರಲ್ಲಿ ಹೆಂಗಸರು ಪುಟ್ಟ ಪುಟ್ಟ ಕಾಂತದ ಬಳೆಗಳ ಒಳಗೂ ಹೊರಗೂ ತಾಮ್ರದ ತಂತಿ ಹಾಯಿಸಿ ನೇಯ್ದರು. ಇಂಜಿನಿಯರುಗಳು ಅದಕ್ಕೆ ‘ಮುದುಕಮ್ಮನ ಮೆಮೊರಿ’ ಎಂಬರ್ಥದ ಅಡ್ಡಹೆಸರಿಟ್ಟು ನಕ್ಕರಂತೆ. ನೋಡಿ, ಮೇಲೊಬ್ಬ ನಿಂತು ಗಂಟೆಯ ಲೆಕ್ಕದಲ್ಲಿ ಮಾಡಿಸಿಕೊಳ್ಳುವಾಗ ನಮ್ಮ ಬೆರಳು ನಾಜೂಕು. ನಮ್ಮ ಮನೆಯ ರೇಡಿಯೋವನ್ನು ನಮ್ಮಿಷ್ಟಕ್ಕೆ ಬಿಚ್ಚಿ ಕೂಡಿಸುತ್ತೇವೆಂದರೆ ಅದೇ ಬೆರಳು ನಡುಗುತ್ತದಂತೆ!

ಹವ್ಯಾಸವೆಂದರೆ ಕಸೂತಿ ಮಾಡು, ಕ್ರೋಶಾ ಹೆಣೆ ಎನ್ನುತ್ತಾರೆ. ಟಿವಿಯ ಮೇಲೆ ಹೊದಿಸುವ ಬಟ್ಟೆ ನಾನು ಹೆಣೆಯಬಹುದು, ಟಿವಿಯ ಬೆನ್ನು ಬಿಚ್ಚಬಾರದು. ಕಸೂತಿಯ ಮೇಲೆ ನನಗೇನೂ ಸಿಟ್ಟಿಲ್ಲ, ಅದನ್ನೂ ಮಾಡಿದವಳೇ.

ಇಷ್ಟು ಸಿಟ್ಟು ನನ್ನೊಬ್ಬಳ ಸಲುವಾಗಿ ಅಲ್ಲ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿ, ವೃತ್ತಿಶಿಕ್ಷಣದಲ್ಲಿ ಇದು ಗಂಡಿನದು ಇದು ಹೆಣ್ಣಿನದು ಎಂಬ ಹಣೆಪಟ್ಟಿ ಹೋಗಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ೨೦೧೬ರಿಂದ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬುಗಳೂ ಬಂದವು. ಒಂದು ವಸ್ತುಪ್ರದರ್ಶನಕ್ಕೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋದಾಗ ಅಂಥ ಒಂದು ಲ್ಯಾಬು ನೋಡಿದೆ. ಚೆಂದದ ಮೇಜು, ಒಳ್ಳೆಯ ಐರನ್ನುಗಳು. ಎಲ್ಲ ಐರನ್ನುಗಳೂ ಹುಡುಗರ ಕೈಯಲ್ಲಿ. ಪ್ರತಿ ಗುಂಪಿಗೂ ಒಬ್ಬೊಬ್ಬಳು ಹುಡುಗಿ, ಪಕ್ಕದಲ್ಲಿ ನಿಂತು ದಾಖಲೆ ಪುಸ್ತಕ ಬರೆಯುತ್ತಿದ್ದಳು. “ನೀನ್ಯಾಕೆ ಹಿಡಿಯಲಿಲ್ಲ?” ಎಂದು ಒಬ್ಬಳನ್ನು ಕೇಳಿದೆ. “ನನ್ನ ಅಕ್ಷರ ಚೆನ್ನಾಗಿದೆ ಮಿಸ್” ಎಂದಳು. ಅಷ್ಟರಲ್ಲಿ ಹುಡುಗನೊಬ್ಬ ಮೊನೆಯ ಮೇಲೆ ತವರ ಕರಗಿಸಿ ಒಯ್ದು ಮೆತ್ತುತ್ತಿದ್ದ, ಥೇಟ್ ನನ್ನ ಹಾಗೆಯೇ. ಅವಳು ಮೆಲ್ಲಗೆ, “ಮೊದಲು ತಂತಿ ಕಾಯಬೇಕಲ್ವಾ ಮಿಸ್?” ಎಂದಳು. ನೋಡಿ ನೋಡಿಯೇ ಕಲಿತಿದ್ದಳು. ನಾನು ಅವಳ ಪೆನ್ನು ತೆಗೆದು ಆ ಹುಡುಗನಿಗೆ ಕೊಟ್ಟೆ. ಅಲ್ಲಿನ ಮೇಷ್ಟರಿಗೆ ಅದು ಹಿಡಿಸಲಿಲ್ಲ.

ತಾಯಂದಿರೇ, ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ನೋಡಿ ಎದ್ದು ಬರಬೇಡಿ. ಲ್ಯಾಬಿನ ಬೀಗ ತೆಗೆಸಿ. ಈ ವರ್ಷ ನನ್ನ ಮಗಳು ಎಷ್ಟು ಸಲ ಐರನ್ ಹಿಡಿದಿದ್ದಾಳೆ ಎಂದು ಕೇಳಿ, ಅವಳ ಎದುರಿಗೇ ಕೇಳಿ.