ತೀರ್ಥಕ್ಷೇತ್ರದಲ್ಲಿ ಪ್ರವಾಸಿ ಯಾರು?

2022ರ ಡಿಸೆಂಬರ್ ತಿಂಗಳಿನಲ್ಲಿ ಭಾರತದ ಜೈನ ಸಮಾಜವು ಅಪರೂಪಕ್ಕೆ ಬೀದಿಗಿಳಿಯಿತು. ಝಾರ್ಖಂಡದ ಗಿರಿಡೀಹ ಜಿಲ್ಲೆಯ ಸಮ್ಮೇದಶಿಖರವು ಇಪ್ಪತ್ತು ಮಂದಿ ತೀರ್ಥಂಕರರ ನಿರ್ವಾಣಭೂಮಿ. ಅದು ಸರಕಾರದ ಕಾಗದಗಳಲ್ಲಿ ಪ್ರವಾಸಿ ತಾಣವೆಂದು ನಮೂದಾಗಿತ್ತು. 2019ರ ಆಗಸ್ಟಿನಲ್ಲಿ ಹೊರಟಿದ್ದ ಕೇಂದ್ರ ಅಧಿಸೂಚನೆಯೊಂದು ಆ ಬೆಟ್ಟದ ಸುತ್ತ ಪರಿಸರ ಪ್ರವಾಸೋದ್ಯಮಕ್ಕೆ ಬಾಗಿಲು ತೆರೆದಿತ್ತು. ದೆಹಲಿ, ಮುಂಬಯಿ, ಅಹಮದಾಬಾದುಗಳಲ್ಲಿ ಸಹಸ್ರಾರು ಶ್ರಾವಕ ಶ್ರಾವಿಕೆಯರು ಮೆರವಣಿಗೆ ನಡೆಸಿದರು. ಜಯಪುರದಲ್ಲಿ 72 ವರ್ಷ ವಯಸ್ಸಿನ ಮುನಿ ಸುಜ್ಞೇಯಸಾಗರರು ಆಹಾರ ತ್ಯಜಿಸಿ 2023ರ ಜನವರಿ 3ರಂದು ದೇಹವಿಟ್ಟರು. ಎರಡು ದಿನಗಳ ಬಳಿಕ, ಜನವರಿ 5ರಂದು, ಕೇಂದ್ರ ಪರಿಸರ ಸಚಿವಾಲಯವು ಆ ಪ್ರವಾಸೋದ್ಯಮಕ್ಕೆ ತಡೆಯೊಡ್ಡಿತು. ಮಾದಕ ವಸ್ತು, ಧ್ವನಿವರ್ಧಕ, ಸಾಕುಪ್ರಾಣಿಗಳನ್ನು ಕರೆತರುವುದು, ಅನುಮತಿಯಿಲ್ಲದ ಚಾರಣ ಮತ್ತು ಬಿಡಾರ, ಇವೆಲ್ಲವನ್ನೂ ಬೆಟ್ಟದ ಮೇಲೆ ನಿಷೇಧಿಸಬೇಕೆಂದು ರಾಜ್ಯ ಸರಕಾರಕ್ಕೆ ತಿಳಿಸಿತು. ಸಮಾಜವು ಇದನ್ನು ಜಯವೆಂದು ಸಂಭ್ರಮಿಸಿತು. (ಅದೇ ಬೆಟ್ಟವು ಸಂತಾಲರಿಗೆ ಮರಾಂಗ್ ಬುರು ಎಂಬ ದೈವಸ್ಥಾನ; ಅವರ ಅಹವಾಲು ಬೇರೆಯೇ ಇದೆ. ಅದನ್ನು ಕಿವಿಗೆ ಹಾಕಿಕೊಳ್ಳದೆ ಸಂಭ್ರಮಿಸಿದವರೇ ಹೆಚ್ಚು.)

ಆ ದಿನಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತೊಂದೇ: ಇದು ತೀರ್ಥ, ಪ್ರವಾಸಿ ತಾಣವಲ್ಲ. ಮಾತು ಸತ್ಯವಾದದ್ದು. ಆದರೆ ಈ ಮಾತನ್ನಾಡಿದ ಸಮಾಜವೇ ಇಂದು ಆ ಬೆಟ್ಟವನ್ನು ಯಾವ ವೇಷದಲ್ಲಿ ಏರುತ್ತಿದೆ ಎಂಬುದನ್ನು ಪರಿಶೀಲಿಸಿದರೆ, ಬೇಡವೆಂದು ಹೊರಗಟ್ಟಿದ ಪ್ರವಾಸಿಯು ಇನ್ನೊಂದು ಬಾಗಿಲಿನಿಂದ ಒಳಗೆ ಬಂದು ಕುಳಿತಿರುವುದು ಗೋಚರಿಸುತ್ತದೆ.

ಮಂಗಳಾದೇವಿಯ ದೇವಸ್ಥಾನದ ಆಸುಪಾಸಿನಿಂದ ನೇತ್ರಾವತಿಯ ದಂಡೆಯವರೆಗೆ ಹಬ್ಬಿರುವ ಬೋಳಾರದಲ್ಲಿ ಒಂದು ಅನುಕೂಲಸ್ಥ ಜೈನ ಕುಟುಂಬವನ್ನು ಊಹಿಸಿಕೊಳ್ಳೋಣ. ಮನೆಯವರು ಸಮ್ಮೇದಶಿಖರಕ್ಕೆ ಹೊರಟಿದ್ದಾರೆ. ಅಜ್ಜಿಯ ಕಾಲದಲ್ಲಿ ಈ ಯಾತ್ರೆಯೆಂದರೆ ರೈಲಿನಲ್ಲಿ ಹಗಲಿರುಳು ಕುಳಿತು, ಅವಲಕ್ಕಿಯ ಡಬ್ಬವನ್ನೂ ನೀರು ಸೋಸುವ ಬಟ್ಟೆಯನ್ನೂ ಜತೆಗಿಟ್ಟುಕೊಂಡು, ಧರ್ಮಶಾಲೆಯ ನೆಲದ ಮೇಲೆ ಮಲಗಿ ಮಾಡುವ ಕಾರ್ಯ. ಈಗ ವಿಮಾನವಿದೆ, ಹವಾನಿಯಂತ್ರಿತ ವಾಹನವಿದೆ, ‘ಪ್ರೀಮಿಯಂ ಯಾತ್ರೆ’ ಎಂಬ ಬಣ್ಣದ ಕರಪತ್ರವಿದೆ, ಜತೆಯಲ್ಲಿ ಸಾಗುವ ಜೈನ ಅಡುಗೆಯವರಿದ್ದಾರೆ. ಮೊಮ್ಮಗನ ಚೀಲದಲ್ಲಿ ಎರಡು ಕ್ಯಾಮೆರಾಗಳು, ಮೂರು ಲೆನ್ಸುಗಳು, ಟ್ರೈಪಾಡ್, ಮಡಚುವ ಡ್ರೋನ್, ಐದಾರು ಬ್ಯಾಟರಿಗಳು. ವಿಮಾನದ ಸಾಮಾನ್ಯ ದರ್ಜೆಯಲ್ಲಿ ಕೈಚೀಲಕ್ಕೆ ಏಳು ಕಿಲೋದ ಮಿತಿ. ಲಿಥಿಯಂ ಬ್ಯಾಟರಿಗಳನ್ನಂತೂ ಕೈಚೀಲದಲ್ಲಿಯೇ ಒಯ್ಯಬೇಕು. ಆದಕಾರಣ ಹಿಂದಿನ ರಾತ್ರಿ ಮನೆಯ ತಕ್ಕಡಿಯಲ್ಲಿ ಚೀಲವನ್ನು ಮೂರು ಬಾರಿ ತೂಗಲಾಗುತ್ತದೆ. ತೂಕ ಮಿಕ್ಕಿದಾಗ ಹೊರಗೆ ಬರುವುದು ಲೆನ್ಸಲ್ಲ, ಸ್ವಾಧ್ಯಾಯದ ಪುಸ್ತಕ.

ವಿಮಾನ ಕಂಪೆನಿ ವಿಧಿಸಿದ ಪರಿಮಾಣವನ್ನು ಗ್ರಾಂ ಲೆಕ್ಕದಲ್ಲಿ ಪಾಲಿಸುವ ಈ ಮನೆಯಲ್ಲಿ ಪರಿಗ್ರಹಪರಿಮಾಣವೆಂಬ ಶಬ್ದ ಇನ್ನೂ ಬಳಕೆಯಲ್ಲಿದೆಯೇ? ಶ್ರಾವಕನಿಗೆ ಹೇಳಿರುವ ಹನ್ನೆರಡು ವ್ರತಗಳಲ್ಲಿ ಪ್ರಯಾಣವನ್ನೂ ಪ್ರಯಾಣದ ಸರಂಜಾಮನ್ನೂ ನೇರವಾಗಿ ಕುರಿತು ಹೇಳಿದವೇ ಹಲವಿವೆ. ದಿಗ್ವ್ರತವು ದಿಕ್ಕುಗಳಿಗೆ ಎಲ್ಲೆ ಹಾಕಿಕೊಳ್ಳುವ ವ್ರತ: ಇಷ್ಟು ದೂರದಿಂದಾಚೆಗೆ ಹೋಗೆನು, ಅಲ್ಲಿ ನನ್ನ ಲೋಭವನ್ನು ಹರಡೆನು ಎಂಬ ಸಂಕಲ್ಪ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅದರ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಎಲ್ಲೆ ಮೀರುವುದು ಮೊದಲ ಮೂರು. ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು ನಾಲ್ಕನೆಯದು. ಹಾಕಿಕೊಂಡ ಎಲ್ಲೆಯನ್ನೇ ಮರೆತುಬಿಡುವುದು ಐದನೆಯದು. ಬೆಟ್ಟದ ಮೇಲೆ ಹಾರುವ ಡ್ರೋನ್ ಯಾವ ಸಾಲಿಗೆ ಸೇರುತ್ತದೆಂದು ಹೇಳಲು ಪಂಡಿತರು ಬೇಕಾಗಿಲ್ಲ. ಒಂದೂ ಕ್ಷಣವನ್ನು ಮರೆಯಬಾರದೆಂದು ಸಾವಿರಾರು ಚಿತ್ರಗಳನ್ನು ಕೂಡಿಡುವ ಯಾತ್ರಿಕ ಮರೆತಿರುವುದು ಆ ಐದನೆಯದನ್ನೇ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇನ್ನೂ ಹತ್ತಿರಕ್ಕೆ ಬರುತ್ತದೆ. ಅನರ್ಥದಂಡಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಆಚಾರ್ಯರು ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕಲಕುವುದನ್ನೂ ಗಿಡಮರಗಳನ್ನು ನಿಷ್ಪ್ರಯೋಜಕವಾಗಿ ಕಡಿಯುವುದನ್ನೂ ಹೇಳಿ, ಅದೇ ಉಸಿರಿನಲ್ಲಿ ಗುರಿಯಿಲ್ಲದೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಅಂದರೆ ತಿರುಗಾಟವೂ ಒಂದು ಹಿಂಸೆಯಾಗಬಲ್ಲದು. ತಿರುಗಾಟವನ್ನು ಏರ್ಪಡಿಸಿಕೊಡುವವನೂ ಅದರಲ್ಲಿ ಪಾಲುದಾರ. ಯಾತ್ರಾ ಕರಪತ್ರಗಳಿಗೆ ತಮ್ಮ ಹೆಸರನ್ನೂ ಕ್ಷೇತ್ರದ ಚಿತ್ರವನ್ನೂ ಉದಾರವಾಗಿ ಒದಗಿಸುವ ಧರ್ಮದರ್ಶಿಗಳು ಈ ಭಾಗವನ್ನು ಮತ್ತೊಮ್ಮೆ ಓದಬೇಕಾಗಿದೆ.

ಇದಕ್ಕೆ ಸಿದ್ಧವಾಗಿರುವ ಉತ್ತರವೊಂದುಂಟು: ಚಿತ್ರ ತೆಗೆಯುವುದರಲ್ಲಿ ಹಿಂಸೆ ಎಲ್ಲಿದೆ? ಹೂವು ಕೀಳಲಿಲ್ಲ, ಜೀವ ತೆಗೆಯಲಿಲ್ಲ. ಮಿಠಾಯಿಯ ಪೊಟ್ಟಣ ಕಂಡರೆ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಜೆಲಟಿನ್ ಇದೆಯೇ ಎಂದು ಕಣ್ಣು ಕಿರಿದುಗೊಳಿಸಿ ಓದುವ ಮನೆಗಳು ಸಮಾಜದಲ್ಲಿವೆ. ಅದು ಮೆಚ್ಚತಕ್ಕ ಎಚ್ಚರ. ಆದರೆ ಫೋಟೋ ಫಿಲ್ಮಿನ ಮೇಲಿನ ಲೇಪವೇ ಜೆಲಟಿನ್ ಎಂಬುದನ್ನೂ, ಅದನ್ನು ದನಗಳ ಎಲುಬು ಮತ್ತು ಚರ್ಮಗಳಿಂದ ತೆಗೆಯುತ್ತಾರೆಂಬುದನ್ನೂ ಒಂದು ಶತಮಾನ ಕಾಲ ಎಷ್ಟು ಮಂದಿ ವಿಚಾರಿಸಿದರು? ಪಂಚಕಲ್ಯಾಣದ ಆಲ್ಬಮುಗಳೆಲ್ಲ ಆ ಲೇಪದ ಮೇಲೆಯೇ ಮೂಡಿದವು. ಈಗ ಫಿಲ್ಮು ಹಿಂದೆ ಸರಿದಿದೆ, ಒಳ್ಳೆಯದಾಯಿತು. ಅದನ್ನು ಹೊಸ ಷೋಕಿಯೆಂದು ಮರಳಿ ಕೊಳ್ಳುವ ತರುಣರು ಮಾತ್ರ ಇದನ್ನು ತಿಳಿದಿರಲಿ. ಡಿಜಿಟಲ್ ಕ್ಯಾಮೆರಾಕ್ಕೂ ತನ್ನದೇ ಲೆಕ್ಕವಿದೆ. ಲಿಥಿಯಂ ಬ್ಯಾಟರಿಗಳಲ್ಲಿ ಬಳಸುವ ಕೋಬಾಲ್ಟಿನ ಬಹುಪಾಲು ಬರುವುದು ಆಫ್ರಿಕದ ಕಾಂಗೋ ದೇಶದಿಂದ. ಅಲ್ಲಿ ಕೈಯಿಂದ ತೋಡುವ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಿರುವುದನ್ನು ಆಮ್ನೆಸ್ಟಿ ಸಂಸ್ಥೆಯು 2016ರಲ್ಲಿಯೇ ವರದಿ ಮಾಡಿದೆ. ಕ್ಯಾಮೆರಾದ ಪಟ್ಟಿ ಅಸಲಿ ಚರ್ಮದ್ದೆಂದು ಹೆಮ್ಮೆಯಿಂದ ತೋರಿಸುವವರೂ ಬಸದಿಯ ಅಂಗಳದಲ್ಲಿ ಕಾಣಸಿಗುತ್ತಾರೆ. ಸೊಂಟದ ಬೆಲ್ಟನ್ನು ಹೊರಗೆ ಬಿಚ್ಚಿಟ್ಟು ಬಂದವರು ಕೊರಳಿನದನ್ನು ಮರೆತಿರುತ್ತಾರೆ!

ಒಂದು ಕ್ಯಾಮೆರಾವನ್ನು ಇಟ್ಟುಕೊಳ್ಳುವುದೇ ಪಾಪವೆಂದು ಇಲ್ಲಿ ವಾದಿಸುತ್ತಿಲ್ಲ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಣ ಮೂರ್ಛೆ ಎಂದು ಆಚಾರ್ಯರೇ ನಿರ್ಣಯಿಸಿದ್ದಾರೆ. ಆ ಮೂರ್ಛೆಯ ಲಕ್ಷಣವನ್ನು ಗುರುತಿಸುವುದು ಸುಲಭ. ಹೊಸ ಮಾದರಿ ಬಂದಾಗ ಹಳೆಯದು ಕೆಡದಿದ್ದರೂ ಕೆಟ್ಟಂತೆ ಕಾಣಿಸುವುದು. ಮೂರ್ತಿಯ ಮುಂದೆ ನಿಂತಾಗ ವೀತರಾಗನ ಮುಖಕ್ಕಿಂತ ಬೆಳಕಿನ ಕೋನ ಮುಖ್ಯವಾಗುವುದು. ಚಿತ್ರ ಸರಿಯಾಗಿ ಬಾರದ ದಿನ ಯಾತ್ರೆಯೇ ವ್ಯರ್ಥವಾಯಿತೆನ್ನಿಸುವುದು. ಸಮ್ಮೇದಶಿಖರದ ವಂದನೆಗೆ ಏರಿಳಿತವೂ ಸುತ್ತಾಟವೂ ಸೇರಿ ಸುಮಾರು 27 ಕಿಲೋಮೀಟರುಗಳ ನಡಿಗೆ. ನಡೆಯಲಾರದವರನ್ನು ಮಧುವನದಿಂದ ಡೋಲಿಯಲ್ಲಿ ಒಯ್ಯುತ್ತಾರೆ. ವೃದ್ಧರಿಗೆ ಅದು ಅನಿವಾರ್ಯ, ಆಕ್ಷೇಪಿಸುವಂತಿಲ್ಲ. ಆದರೆ ಗಟ್ಟಿಮುಟ್ಟಾದ ತರುಣನು ಹಗಲಿನ ಚಿತ್ರೀಕರಣಕ್ಕೆ ದಣಿವಾಗಬಾರದೆಂದು, ಲೆನ್ಸುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಡವರ ಹೆಗಲ ಮೇಲೆ ಕುಳಿತು ನಿರ್ವಾಣಭೂಮಿಯನ್ನು ಏರುವುದಕ್ಕೆ ಯಾವ ಹೆಸರು ಕೊಡಬೇಕು? ಅದೇ ದಾರಿಯಲ್ಲಿ ದಿಗಂಬರ ಮುನಿಗಳು ನಡೆದು ಏರುತ್ತಾರೆ. ಅವರ ಪ್ರಯಾಣದ ಸರಂಜಾಮು ಒಂದು ಪಿಂಛಿ, ಒಂದು ಕಮಂಡಲು.

ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶೀ ವಿಹಾರ ನೌಕೆಗಳು ಬರುತ್ತವೆ. ಅವುಗಳ ಪ್ರಯಾಣಿಕರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳದ ಗೊಮ್ಮಟ ಬೆಟ್ಟಕ್ಕೂ ಕರೆದೊಯ್ಯುತ್ತಾರೆ. 2008ರಲ್ಲಿ ‘ಸುವರ್ಣ ರಥ’ ಎಂಬ ವಿಲಾಸಿ ರೈಲು ಆರಂಭವಾದಾಗ ಅದರ ಹಾಸನದ ದಿನದಲ್ಲಿ ಶ್ರವಣಬೆಳಗೊಳವೂ ಸೇರಿತ್ತು. ಇಂಥವರನ್ನು ಕಂಡು ಮೂಗು ಮುರಿಯುವ ಶ್ರಾವಕರಿದ್ದಾರೆ. ಆದರೆ ಆ ನೌಕೆಯವರು ಆ ರೈಲಿನವರು ತಮ್ಮನ್ನು ಪ್ರವಾಸಿಗಳೆಂದೇ ಕರೆದುಕೊಳ್ಳುತ್ತಾರೆ, ಯಾತ್ರಿಕರೆಂದಲ್ಲ. ಅಷ್ಟರ ಮಟ್ಟಿನ ಪ್ರಾಮಾಣಿಕತೆ ಅವರಲ್ಲಿದೆ.

ಇನ್ನು ಬಸದಿಗಳ ಆಡಳಿತ ಮಂಡಳಿಗಳ ವಿಷಯ. ಶ್ರವಣಬೆಳಗೊಳ, ಕಾರ್ಕಳಗಳ ಗೊಮ್ಮಟ ಮೂರ್ತಿಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಟ್ರೈಪಾಡ್ ನಿಲ್ಲಿಸುವುದಕ್ಕೂ ಇಲಾಖೆಯ ಅನುಮತಿ ಬೇಕು. ಸರಕಾರವು ಕಲ್ಲಿಗೋಸ್ಕರ ಹಾಕಿದ ಕಟ್ಟಳೆ ಅದು. ಆ ಕಲ್ಲಿನಲ್ಲಿ ಜಿನಮಾರ್ಗವನ್ನು ಕಾಣುವ ಮಂಡಳಿಗಳು ತಮ್ಮ ಸ್ವಂತ ಆಡಳಿತದ ಬಸದಿಗಳಲ್ಲಿ ಅಷ್ಟು ಕಟ್ಟಳೆಯನ್ನಾದರೂ ಇಟ್ಟುಕೊಂಡಿವೆಯೇ? ಅಭಿಷೇಕದ ಹೊತ್ತಿನಲ್ಲಿ ಗರ್ಭಗೃಹದ ಬಾಗಿಲನ್ನು ಅಡ್ಡಗಟ್ಟಿ ನಿಲ್ಲುವವರು ಮೂರು ನಾಲ್ಕು ಮಂದಿ ಕ್ಯಾಮೆರಾದವರು. ಹಿಂದೆ ನಿಂತ ಮುದುಕಿಗೆ ಕಾಣುವುದು ಅವರ ಬೆನ್ನು. ಇಂದ್ರರು ಗಂಧೋದಕ ಹಿಡಿದು ಕಾಯುತ್ತಿರುವಾಗ ‘ಇನ್ನೊಮ್ಮೆ ಎರೆಯಿರಿ, ಚಿತ್ರ ಸರಿಯಾಗಲಿಲ್ಲ’ ಎಂಬ ಅಪ್ಪಣೆ! ಮದುವೆಗೆ ಮೊದಲಿನ ಚಿತ್ರೀಕರಣಕ್ಕೆ ಬಸದಿಯ ಅಂಗಳವನ್ನು ಬಿಟ್ಟುಕೊಡುವುದಂತೂ ಯಾವ ನ್ಯಾಯಕ್ಕೂ ನಿಲ್ಲದು.

ಹಣದ ಮಾತನ್ನು ಆಡದೆ ಗತ್ಯಂತರವಿಲ್ಲ. ಒಳ್ಳೆಯ ಕ್ಯಾಮೆರಾದ ಒಡಲೊಂದಕ್ಕೆ ಎರಡು ಲಕ್ಷ ರೂಪಾಯಿ ದಾಟುತ್ತದೆ, ಲೆನ್ಸುಗಳ ಬೆಲೆ ಬೇರೆ. ಒಂದು ಕಾಲಕ್ಕೆ ಬೋಳಾರ, ಜೆಪ್ಪುಗಳ ನದಿದಂಡೆಯಲ್ಲಿ ಸುಟ್ಟ ಹೆಂಚುಗಳು ಕರಾವಳಿಯ ಮನೆಗಳನ್ನೂ ಗುಡಿಗಳನ್ನೂ ಹೊದಿಸಿದ್ದವು. ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಇಂದು ಮುಚ್ಚಿವೆ. ಹೆಂಚು ಸರಿದು ಮಳೆಗಾಲದಲ್ಲಿ ಸೋರುವ ಹಳ್ಳಿಯ ಬಸದಿಗಳು ಮಾತ್ರ ಹಾಗೆಯೇ ಇವೆ. ಅಲ್ಲಿ ದಿನಪೂಜೆ ತಪ್ಪದಂತೆ ನೋಡಿಕೊಳ್ಳುವ ಇಂದ್ರರ ಸಂಭಾವನೆಯನ್ನು ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ. ದುಡಿದ ಹಣ ನ್ಯಾಯದ್ದು, ಹೇಗೆ ವೆಚ್ಚ ಮಾಡಿದರೇನು ಎಂಬುದು ಲೌಕಿಕರ ತರ್ಕವಾದೀತು. ದಾನವನ್ನು ನಿತ್ಯದ ಷಟ್ಕರ್ಮಗಳಲ್ಲಿ ಎಣಿಸುವ ಶ್ರಾವಕನದ್ದಾಗಲಾರದು.

ಚಿತ್ರವನ್ನು ನೋಡಿಯಾದರೂ ಮಕ್ಕಳು ಬಸದಿಯತ್ತ ಬರುತ್ತಾರೆ ಎಂಬ ವಾದದಲ್ಲಿ ಸ್ವಲ್ಪ ಹುರುಳಿದೆ. ಬಂದ ಮಗುವಿನ ಕೈಗೆ ಮತ್ತೊಂದು ಕ್ಯಾಮೆರಾವನ್ನೇ ಕೊಡುವುದಾದರೆ ಮಾತ್ರ ಬಂದುದು ನಿಷ್ಫಲ. ಕ್ಯಾಮೆರಾಕ್ಕೆ ಕ್ಷೇತ್ರದಲ್ಲಿ ನಿಜವಾದ ಕೆಲಸವೂ ಇದೆ. 2013ರ ಜುಲೈ ತಿಂಗಳಿನಲ್ಲಿ ಮೂಡುಬಿದಿರೆಯಲ್ಲಿ ಬೆಲೆ ಕಟ್ಟಲಾಗದ ಜಿನಬಿಂಬಗಳು ಕಳವಾದುದು ಸಮಾಜದ ನೆನಪಿನಲ್ಲಿದೆ. ಪ್ರತಿ ಬಸದಿಯ ಪ್ರತಿ ಬಿಂಬದ ಸ್ಪಷ್ಟ ಚಿತ್ರ, ಅಳತೆ, ಪೀಠದ ಬರಹಗಳ ಪಡಿಯಚ್ಚು ಇವುಗಳ ಒಂದು ದಾಖಲೆ ಪುಸ್ತಕ ಎಷ್ಟು ಬಸದಿಗಳಲ್ಲಿದೆ? ಸವೆಯುತ್ತಿರುವ ಶಾಸನಗಳು, ಮನೆಗಳ ಅಟ್ಟದಲ್ಲಿ ಹುಳು ಹಿಡಿಯುತ್ತಿರುವ ತಾಳೆಗರಿಗಳು ಕ್ಯಾಮೆರಾಕ್ಕಾಗಿ ಕಾಯುತ್ತಿವೆ. ಬೋಳಾರದಿಂದ ಮೂಡುಬಿದಿರೆ, ಕಾರ್ಕಳ, ವೇಣೂರು, ಧರ್ಮಸ್ಥಳ ಎಲ್ಲವೂ ನೂರು ಕಿಲೋಮೀಟರಿನ ಒಳಗಿವೆ. ಆ ದುಬಾರಿ ಸರಂಜಾಮಿನೊಡನೆ ಒಂದು ಭಾನುವಾರ ಹಳ್ಳಿಯ ಬಸದಿಗೆ ಹೋಗಿ ಇಪ್ಪತ್ತು ಬಿಂಬಗಳ ದಾಖಲೆ ಮಾಡಿಕೊಡುವ ತರುಣನು ಅನರ್ಥದಂಡದಿಂದ ಹೊರಗೆ ಬಂದನೆಂದೇ ತಿಳಿಯಬೇಕು. ಆತನ ಚಿತ್ರಗಳಿಗೆ ಮೆಚ್ಚುಗೆ ಸೂಚಿಸುವವರು ಸಿಗಲಾರರು, ಅಷ್ಟೆ.

ಯಾತ್ರೆಗೆ ಹೊರಡುವವರಿಗೆ ಸಮಂತಭದ್ರರು ಒಂದು ಸುಲಭೋಪಾಯವನ್ನೂ ಇಟ್ಟಿದ್ದಾರೆ. ಭೋಗೋಪಭೋಗಗಳ ಮಿತಿಯನ್ನು ಜೀವಮಾನಕ್ಕೆ ಹಾಕಿಕೊಂಡರೆ ಯಮ. ದಿನ, ಪಕ್ಷ, ಮಾಸ, ಋತುಗಳ ಅವಧಿಗೆ ಹಾಕಿಕೊಂಡರೆ ನಿಯಮ. ವಾಹನ, ಹಾಸಿಗೆ, ಆಹಾರಗಳ ಹೆಸರನ್ನೇ ಅಲ್ಲಿ ಹೇಳಿದೆ. ಎಂಟು ದಿನದ ಯಾತ್ರೆಗೆ ಎಂಟು ದಿನದ ನಿಯಮ ಸಾಕು: ಧರ್ಮಶಾಲೆಯ ಕೋಣೆ, ಒಂದೇ ಚೀಲ, ಬೆಟ್ಟದ ಬುಡದಲ್ಲಿ ಕ್ಯಾಮೆರಾ ಬಂದ್.

ಕಾರ್ಕಳದ ಗೊಮ್ಮಟನಿಗೆ ಕಳೆದ ಮಹಾಮಸ್ತಕಾಭಿಷೇಕ ನಡೆದುದು 2015ರಲ್ಲಿ. ಹನ್ನೆರಡು ವರ್ಷದ ಲೆಕ್ಕಕ್ಕೆ ಮುಂದಿನದು 2027ರಲ್ಲಿ ಬೀಳುತ್ತದೆ. ಅಟ್ಟಳಿಗೆಯ ಮೇಲಿನ ಸ್ಥಳ ಎಂದಿಗೂ ಕಿರಿದೇ. ಅಲ್ಲಿ ಕ್ಯಾಮೆರಾಗಳಿಗೆ ಎಷ್ಟು ಅಡಿ, ದೊಡ್ಡ ದೇಣಿಗೆಯ ಅತಿಥಿಗಳಿಗೆ ಎಷ್ಟು ಅಡಿ, ಹಳ್ಳಿಯ ಬಸದಿಗಳ ಇಂದ್ರರಿಗೂ ಬರಿಗಾಲಿನಲ್ಲಿ ಮೆಟ್ಟಿಲೇರಿ ಬರುವ ಮುದುಕಿಯರಿಗೂ ಎಷ್ಟು ಅಡಿ ಎಂಬುದನ್ನು ಸಂಬಂಧಪಟ್ಟವರು ಈಗಲೇ ಅಳೆದು, ಬರೆದು, ಬಸದಿಗಳ ಫಲಕಗಳಲ್ಲಿ ಪ್ರಕಟಿಸಲಿ.