ಸಾವಿನ ಸಮಯ: ನಿಮಿಷದ ಲೆಕ್ಕ ಎಲ್ಲಿಂದ ಬಂತು?



ಸತ್ತು ಎಷ್ಟು ಹೊತ್ತಾಯಿತು ಎಂಬುದನ್ನು ಶವದಲ್ಲಾಗುವ ಬದಲಾವಣೆಗಳಿಂದ ವೈದ್ಯರು ಅಂದಾಜು ಮಾಡುತ್ತಾರೆ. ಆ ಅಂದಾಜು ಗಂಟೆಗಳಲ್ಲಿರುತ್ತದೆ, ಕೆಲವೊಮ್ಮೆ ದಿನಗಳಲ್ಲಿ. ಕೊಲೆಯ ಸುದ್ದಿಗಳಲ್ಲಿ ಮಾತ್ರ ‘ರಾತ್ರಿ 10.40ಕ್ಕೆ ಸಾವು: ಮರಣೋತ್ತರ ಪರೀಕ್ಷೆಯಿಂದ ಬಯಲು’ ಎಂಬಂಥ ಸಾಲುಗಳು ಸಲೀಸಾಗಿ ಬರುತ್ತವೆ. ಅಷ್ಟು ನಿಖರ ಸಮಯ ಸಿಸಿಟಿವಿಯಿಂದಲೋ ಮೊಬೈಲ್ ಕರೆಗಳ ದಾಖಲೆಯಿಂದಲೋ ಸಿಕ್ಕಿರಬಹುದು, ಶವಾಗಾರದಲ್ಲಿ ಸಿಗುವಂಥದ್ದಲ್ಲ.

ಮೊದಲ ಸುಳಿವು ದೇಹದ ಬಿಸಿ. ಪ್ರಾಣ ಹೋದ ಮೇಲೆ ದೇಹ ಸುತ್ತಲಿನ ಗಾಳಿಯ ಉಷ್ಣತೆಗೆ ಇಳಿಯತೊಡಗುತ್ತದೆ. ಆದರೆ ಒಳಗಿನ ಬಿಸಿ ಮೊದಲ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಇಳಿಯುವುದೇ ಇಲ್ಲ. ಗ್ಲಾಸ್ಗೊದ ಪ್ರಾಧ್ಯಾಪಕ ಗ್ಲೈಸ್ಟರ್ ಹೆಸರಿನ ಹಳೆಯ ಸೂತ್ರ ಗಂಟೆಗೆ 1.5 ಡಿಗ್ರಿ ಫ್ಯಾರನ್‌ಹೀಟ್ ಇಳಿಕೆ ಎಂದು ಹಿಡಿಯುತ್ತದೆ. ಸ್ಕಾಟ್ಲೆಂಡಿನ ಚಳಿಗೆ ಅದು ಹೇಗೋ ಹೊಂದೀತು. ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಮೇ ತಿಂಗಳ ಹಗಲಲ್ಲಿ ಹೊಲದಲ್ಲಿ ಬಿದ್ದ ಶವ ತಣ್ಣಗಾಗುವುದಿರಲಿ, ಇನ್ನಷ್ಟು ಕಾಯಲೂಬಹುದು. ದೇಹದ ತೂಕ, ಮೈಮೇಲಿನ ಬಟ್ಟೆ, ಗಾಳಿಯ ಓಡಾಟ ಎಲ್ಲವನ್ನೂ ಲೆಕ್ಕಕ್ಕೆ ತಂದು ಜರ್ಮನಿಯ ಹೆನ್ಸ್‌ಗೆ ಎಂಬ ತಜ್ಞ ರೂಪಿಸಿದ ನಕ್ಷೆ ಇಂದು ಹೆಚ್ಚು ಮನ್ನಣೆ ಪಡೆದಿರುವ ವಿಧಾನ. ಅದೂ ಅತ್ಯುತ್ತಮ ಸ್ಥಿತಿಯಲ್ಲಿ ಕೊಡುವುದು ಆಚೀಚೆ 2.8 ಗಂಟೆಗಳ ಅಂತರವನ್ನು, ಅಂದರೆ ಒಟ್ಟು ಐದೂವರೆ ಗಂಟೆಗೂ ಮಿಕ್ಕ ಅವಧಿಯನ್ನು.

ಎರಡನೆಯದು ಸೆಟೆತ. ಸ್ನಾಯುಗಳು ಸಡಿಲಗೊಳ್ಳಲು ಬೇಕಾದ ಎಟಿಪಿ ಎಂಬ ರಾಸಾಯನಿಕ ಮುಗಿದಾಗ ಅವು ಬಿಗಿದುಕೊಳ್ಳುತ್ತವೆ. ಇದು ರೆಪ್ಪೆ, ದವಡೆಗಳಲ್ಲಿ ಮೊದಲು ಕಾಣಿಸುತ್ತದೆ. ಆವರಿಸಲು 12 ಗಂಟೆ, ಉಳಿಯಲು 12, ಬಿಡಲು 12 ಎಂಬುದು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಲೆಕ್ಕ. ಸೆಖೆಯಲ್ಲಿ ಸೆಟೆತ ಬೇಗ ಬಂದು ಬೇಗ ಬಿಡುತ್ತದೆ. ಸಾಯುವ ಮುನ್ನ ಓಡಿದವರಲ್ಲಿ, ಹೋರಾಡಿದವರಲ್ಲಿ ಇನ್ನೂ ಬೇಗ. ಕೊಲೆಯಾದವರಲ್ಲಿ ಅಂಥವರೇ ಹಲವರು ಎಂಬುದನ್ನು ಮರೆಯಬಾರದು. ರಕ್ತ ದೇಹದ ಕೆಳಭಾಗಕ್ಕೆ ಇಳಿದು ಮೂಡುವ ನೇರಳೆ ಕಲೆ ಆರರಿಂದ ಹನ್ನೆರಡು ಗಂಟೆಗಳಲ್ಲಿ ಸ್ಥಿರವಾಗುತ್ತದೆ. ಶವವನ್ನು ಆಮೇಲೆ ಹೊರಳಿಸಿದ್ದರೆ ಅದನ್ನು ಈ ಕಲೆ ಹೇಳುತ್ತದೆ. ಸಮಯದ ಮಟ್ಟಿಗೆ ಇದರ ಸಾಕ್ಷ್ಯ ದುರ್ಬಲ. ಕೊಳೆಯುವಿಕೆ ಶುರುವಾದ ಮೇಲೆ ಹೊಟ್ಟೆಯ ಬಲ ಕೆಳಭಾಗ ಹಸಿರಾಗುತ್ತದೆ. ಅಲ್ಲಿಂದ ಮುಂದೆ ನೊಣದ ಹುಳುಗಳ ಬೆಳವಣಿಗೆಯೇ ಹೆಚ್ಚು ನಂಬಿಕೆಯ ಗಡಿಯಾರ.

ಜಠರದಲ್ಲಿ ಉಳಿದ ಊಟದಿಂದ ಸಮಯ ಹೇಳುವುದು ಎಲ್ಲಕ್ಕಿಂತ ಅಪಾಯಕಾರಿ. 1959ರಲ್ಲಿ ಕೆನಡಾದ ಆಂಟಾರಿಯೊದಲ್ಲಿ 12 ವರ್ಷದ ಬಾಲಕಿಯ ಕೊಲೆಯಾಯಿತು. ಶವ ಸಿಕ್ಕಿದ್ದು ಎರಡು ದಿನಗಳ ನಂತರ. ಆದರೂ ಜಠರದ ಆಹಾರ ನೋಡಿ ವೈದ್ಯರು ಸಾವು ಸಂಜೆ 7.15ರಿಂದ 7.45ರೊಳಗೆ ಆಗಿದೆ ಎಂದರು. ಆ ಅರ್ಧ ಗಂಟೆ ಆರೋಪಿಯಾಗಿದ್ದ 14 ವರ್ಷದ ಸ್ಟೀವನ್ ಟ್ರಸ್ಕಾಟ್‌ನ ಕುತ್ತಿಗೆಗೆ ಬಂತು. ಗಲ್ಲು ಶಿಕ್ಷೆ ಜೀವಾವಧಿಗೆ ಇಳಿದು ಅವನು 1969ರವರೆಗೆ ಸೆರೆಯಲ್ಲಿದ್ದ. ಆ ಸಮಯದ ಲೆಕ್ಕಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂಬ ಸಾಕ್ಷ್ಯ ಮುಂದೆ ಬಂದು, ಮೇಲ್ಮನವಿ ನ್ಯಾಯಾಲಯ ಅವನನ್ನು ದೋಷಮುಕ್ತಗೊಳಿಸಿದ್ದು 2007ರಲ್ಲಿ. ಭಯ, ನೋವು, ಊಟದ ಬಗೆ ಇವೆಲ್ಲ ಜೀರ್ಣಕ್ರಿಯೆಯನ್ನು ಗಂಟೆಗಟ್ಟಲೆ ತಡೆದು ನಿಲ್ಲಿಸಬಲ್ಲವು.

ಈ ಅಂದಾಜು ಎಷ್ಟು ಕಿರಿದಾಗುತ್ತದೆ ಎಂಬುದು ಶವ ಸಿಕ್ಕ ಜಾಗದಲ್ಲಿ ಏನು ಬರೆದಿಟ್ಟರು ಎಂಬುದನ್ನು ಅವಲಂಬಿಸಿದೆ. ಶವವನ್ನು ಫ್ರೀಜರಿನಲ್ಲಿ ಇಟ್ಟ ಮೇಲೆ ತೆಗೆದ ಉಷ್ಣತೆ ಫ್ರೀಜರಿನ ಕಥೆ ಹೇಳುತ್ತದೆಯೇ ಹೊರತು ಸಾವಿನದ್ದನ್ನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಇದನ್ನು ಆಚರಣೆಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಅಲ್ಲಿಯವರೆಗೂ ಶವಮಹಜರಿನಲ್ಲಿ ದೇಹದ ಉಷ್ಣತೆ, ಸ್ಥಳದ ಉಷ್ಣತೆ, ಎರಡನ್ನೂ ಅಳೆದ ಹೊತ್ತು, ಶವ ಬಿಸಿಲಲ್ಲಿತ್ತೋ ನೆರಳಲ್ಲೋ, ಫ್ಯಾನ್ ತಿರುಗುತ್ತಿತ್ತೋ ಇಲ್ಲವೋ ಎಂಬಿಷ್ಟು ದಾಖಲಾಗಬೇಕು. ಇದಕ್ಕೆ ಬೇಕಿರುವುದು ಎರಡು ಥರ್ಮಾಮೀಟರು, ಅವನ್ನು ಬಳಸಲು ಕಲಿತ ಒಬ್ಬ ಸಿಬ್ಬಂದಿ. ಪತ್ರಿಕೆಗಳೂ ‘10.40ಕ್ಕೆ’ ಎನ್ನುವ ಬದಲು ‘ರಾತ್ರಿ 8ರಿಂದ 2ರ ನಡುವೆ’ ಎಂದೇ ಅಚ್ಚು ಹಾಕಲಿ. ಆರೋಪಿ ಆ ಹೊತ್ತಿನಲ್ಲಿ ಎಲ್ಲಿದ್ದ ಎಂಬ ಪ್ರಶ್ನೆಗೆ ಓದುಗರು ಉತ್ತರ ಕಂಡುಕೊಳ್ಳುವುದು ಅಚ್ಚಾದ ಆ ಅಂಕಿಯಿಂದಲೇ.

– ಓದುಗ, ರಾಯಚೂರು