ಕಬ್ಬಿಣದ ಮಾತ್ರೆ ನಾಟದಿದ್ದಾಗ

ನನ್ನ ಚಿಕ್ಕಪ್ಪ ಕಲ್ಯಾಣ್ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷದಿಂದ ಗಲ್ಲೆಯ ಮೇಲೆ ಕೂತವರು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಡೊಂಬಿವಲಿಯ ನಮ್ಮ ಮನೆಯ ಎರಡು ಮಹಡಿ ಹತ್ತುವುದೂ ಅವರಿಗೆ ಕಷ್ಟವಾಯಿತು. ಹತ್ತಿರದ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿದರು: ಹಿಮೋಗ್ಲೋಬಿನ್ 9. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳ ನಂತರ ನೋಡಿದರೆ 8.8.

"ಸರಿಯಾಗಿ ತಗೊಳ್ತಿದ್ದೀರೋ ಇಲ್ಲವೋ?" ಎಂದು ನಾನೇ ರೇಗಿದೆ.

"ತಕೊಳ್ತಾ ಇದ್ದೇನೆ ಮಾರಾಯಾ" ಎಂದರು, ಅಷ್ಟೇ.

ಸಂಜೆಯಾದರೆ ಮೈ ಬೆಚ್ಚಗಾಗುವುದನ್ನು, ಪ್ಯಾಂಟು ಸಡಿಲವಾದದ್ದನ್ನು ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಕೆಮ್ಮನ್ನು ಒಗ್ಗರಣೆಯ ಹೊಗೆಯ ಲೆಕ್ಕಕ್ಕೆ ಬರೆದಿದ್ದೆವು. ಕೊನೆಗೆ ಬೇರೊಬ್ಬ ಡಾಕ್ಟರು ಎಕ್ಸ್‌ರೇ, ಕಫ ಪರೀಕ್ಷೆ ಮಾಡಿಸಿದರು. ಟಿ.ಬಿ.!

ಮಾತ್ರೆ ಏಕೆ ನಾಟಲಿಲ್ಲ ಎಂದು ಆಮೇಲೆ ಓದಿಕೊಂಡೆ. ಸೋಂಕು ದೀರ್ಘವಾದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಅದು ಕರುಳು ಕಬ್ಬಿಣ ಹೀರದಂತೆ ತಡೆಯುತ್ತದೆ. ದೇಹದಲ್ಲಿರುವ ಕಬ್ಬಿಣವನ್ನೂ ಮ್ಯಾಕ್ರೋಫೇಜ್ ಎಂಬ ರಕ್ಷಕ ಕಣಗಳೊಳಗೆ ಕೂಡಿಹಾಕುತ್ತದೆ. ರೋಗಾಣುವಿಗೆ ಕಬ್ಬಿಣ ಸಿಗಬಾರದೆಂಬುದು ದೇಹದ ಉಪಾಯ. ಆದರೆ ಕ್ಷಯದ ಬ್ಯಾಕ್ಟೀರಿಯ ವಾಸಿಸುವುದೇ ಮ್ಯಾಕ್ರೋಫೇಜ್‌ಗಳೊಳಗೆ. ಕಳ್ಳ ಅಡಗಿದ ಕೋಣೆಯಲ್ಲೇ ತಿಜೋರಿ ಇಟ್ಟ ಹಾಗೆ! ಇತ್ತ ಅಸ್ಥಿಮಜ್ಜೆಗೆ ಕೆಂಪು ಕಣ ಕಟ್ಟಲು ಸಾಮಾನಿಲ್ಲ.

ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮಾಜಿಯಾರ್ ದಿವಾಂಗಾಹಿ ಅವರ ತಂಡ 2020ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಇಲಿಗಳ ಮೇಲಿನ ಅಧ್ಯಯನ ಪ್ರಕಟಿಸಿತು. ಕ್ಷಯಾಣು ಅಸ್ಥಿಮಜ್ಜೆಯ ಮೂಲಕಣಗಳ ನಡವಳಿಕೆಯನ್ನೇ ಬದಲಿಸುತ್ತದೆ; ಅವುಗಳಿಂದ ಹುಟ್ಟುವ ಮ್ಯಾಕ್ರೋಫೇಜ್‌ಗಳು ಕ್ಷಯದ ವಿರುದ್ಧ ದುರ್ಬಲವಾಗುತ್ತವೆ. ಬಿ.ಸಿ.ಜಿ. ಲಸಿಕೆ ಅದೇ ಮೂಲಕಣಗಳಿಗೆ ತದ್ವಿರುದ್ಧ ಪಾಠ ಕಲಿಸುತ್ತದೆ ಎಂದು ಅದೇ ತಂಡ 2018ರಲ್ಲಿ ತೋರಿಸಿತ್ತು. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ, ಮೂಲ ಪ್ರತಿಯಲ್ಲೇ ದೋಷ ಹೊಕ್ಕರೆ ಅದರಿಂದ ತೆಗೆದ ನಕಲುಗಳೆಲ್ಲ ದೋಷದೊಂದಿಗೇ ಬರುತ್ತವೆ.

ಓದುತ್ತಾ ನಮ್ಮ ತುಮಕೂರಿನ ಹೆಸರು ಸಿಕ್ಕಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಆ ಜಿಲ್ಲೆಯ ಹಳ್ಳಿಗಳ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆ, ದವಾಖಾನೆಗಳಿಗೆ ಹೋಗಿದ್ದರು; ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಅರವತ್ತು ವರ್ಷದ ಮೇಲೆ ಚಿಕ್ಕಪ್ಪನ ಕೈಗೆ ಬಾಟಲಿಯ ಬದಲು ಕಬ್ಬಿಣದ ಮಾತ್ರೆ ಬಂತು. ಜೊತೆಗೆ ನನ್ನ ಬೈಗುಳ.

ಸರಕಾರಿ ಕೇಂದ್ರದಲ್ಲಿ ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು. ಕಷ್ಟವಾದದ್ದು ಊರಿನ ಪ್ರಶ್ನೆ. "ಊರಲ್ಲಿ ಹೇಳಬೇಡ, ಹುಡುಗಿಗೆ ಸಂಬಂಧ ನೋಡ್ತಾ ಇದ್ದೇವೆ" ಎಂದರು. ಚಿಕ್ಕಮ್ಮನಿಗೂ ಫೋನಿನಲ್ಲಿ "ಬರೀ ಸುಸ್ತು" ಎಂದೇ ಹೇಳಿಕೊಂಡು ಬಂದೆವು.

ಆರು ತಿಂಗಳ ಕೋರ್ಸ್ ಮುಗಿಯಿತು. ಕಬ್ಬಿಣದ ಮಾತ್ರೆ ನಿಲ್ಲಿಸಿದ್ದರೂ ಹಿಮೋಗ್ಲೋಬಿನ್ 12 ದಾಟಿತು. ಈ ಅಂಕಣಕ್ಕೆ ಅಪ್ಪಣೆ ಕೇಳಿದಾಗ "ನನ್ನ ಹೆಸರು ಬೇಡ, ವಿಷಯ ಬರೆ" ಎಂದರು.

ಬರೆದಿದ್ದೇನೆ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ, ಮಾತ್ರೆಗೆ ಏಳದ ರಕ್ತ: ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ರೇಗಬೇಡಿ, ಕಫ ಪರೀಕ್ಷೆ ಮಾಡಿಸಿ.